ದಿನ ಕಳೆಯಲೇ ಇಲ್ಲ, ವರ್ಷ ಮಾತ್ರ ಎಲ್ಲಿ ಹೋಯಿತೋ!

ಪ್ರಶ್ನೆ: ನನಗೆ 46 ವರ್ಷ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಲಾಕ್‌ಡೌನ್ ಮುಗಿದು ಇಷ್ಟು ವರ್ಷ ಆದರೂ ಆ ಕಾಲದ ಲೆಕ್ಕವೇ ನನಗೆ ಸಿಗುತ್ತಿಲ್ಲ. ಆಗ ಒಂದೊಂದು ದಿನವೂ ಮುಗಿಯುತ್ತಲೇ ಇರಲಿಲ್ಲ. ಮೂರು ಗಂಟೆ ಆಗಿರಬಹುದು ಅಂತ ಗಡಿಯಾರ ನೋಡಿದರೆ ಇನ್ನೂ ಹನ್ನೊಂದೂವರೆ. ಈಗ ತಿರುಗಿ ನೋಡಿದರೆ ಆ ಎರಡು ವರ್ಷ ಬಂದೇ ಇರಲಿಲ್ಲವೇನೋ ಅನ್ನಿಸುತ್ತದೆ. 2019ರಲ್ಲಿ ನಡೆದದ್ದು ಹೋದ ವರ್ಷ ನಡೆದಂತಿದೆ. ಯಾವುದು 2020, ಯಾವುದು 2021 ಅಂತ ಬೇರೆ ಮಾಡಲು ಆಗುವುದಿಲ್ಲ. ನನ್ನ ಯಜಮಾನರಿಗೆ ಆಗ ಮನೆಯಿಂದಲೇ ವಿಪರೀತ ಕೆಲಸ. 'ದಿನ ಓಡಿದ್ದೇ ಗೊತ್ತಾಗಲಿಲ್ಲ' ಅನ್ನುತ್ತಾರೆ. ಇದ್ದದ್ದು ಒಂದೇ ಮನೆಯಲ್ಲಿ! ಅದೇ ಸಮಯದಲ್ಲಿ ನನ್ನ ಅಮ್ಮ ಹೃದಯಾಘಾತದಿಂದ ತೀರಿಕೊಂಡರು. ಹೋಗಲು ಆಗಲಿಲ್ಲ, ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದೆ. ಅಮ್ಮ ಹೋಗಿ ಎಷ್ಟು ವರ್ಷವಾಯಿತು ಎಂದು ಯಾರಾದರೂ ಕೇಳಿದರೆ ಬೆರಳು ಮಡಚಿ ಎಣಿಸಬೇಕು. ಇದು ಮರೆವಿನ ಕಾಯಿಲೆಯ ಶುರುವೇ? ನನಗೆ ಎರಡು ಸಲ ಕೊರೊನಾ ಬಂದಿತ್ತು, ಅದೇನಾದರೂ ಮೆದುಳಿಗೆ ಪೆಟ್ಟು ಕೊಟ್ಟಿತೇ? ಮಗ ಆಗ ನಾಲ್ಕು ವರ್ಷದವನು. ಅವನ ಆ ವಯಸ್ಸು ನನಗೆ ನೆನಪಿಗೇ ಬರುವುದಿಲ್ಲ. ಹೋದದ್ದನ್ನು ಮರಳಿ ಪಡೆಯಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲೆ ಕಾಣುವ ಪ್ರಶ್ನೆ ಮರೆವಿನದು. ಆದರೆ 'ಬೆರಳು ಮಡಚಿ ಎಣಿಸಬೇಕು' ಎಂದು ಬರೆದಿದ್ದೀರಲ್ಲ, ಅದರ ಹಿಂದೆ ಇನ್ನೊಂದು ಪ್ರಶ್ನೆ ಇದೆ ಅನ್ನಿಸಿತು. ಅಮ್ಮ ಹೋದ ವರ್ಷವೇ ನೆನಪಿಲ್ಲ ಅಂದರೆ ನಾನು ಎಂಥ ಮಗಳು ಎಂಬ ನೋವು. ನಾನು ತಪ್ಪಾಗಿ ಓದಿಕೊಂಡಿರಬಹುದು. ಆದರೂ ಎರಡಕ್ಕೂ ಉತ್ತರ ಹೇಳುತ್ತೇನೆ.

ಮೊದಲು ಭಯದ ಮಾತು ಮುಗಿಸೋಣ. ನೀವು ಬರೆದದ್ದರಲ್ಲಿ ಮರೆವಿನ ಕಾಯಿಲೆಯ ಚಹರೆ ನನಗೆ ಕಾಣುತ್ತಿಲ್ಲ. ಆ ಕಾಯಿಲೆ ಸಾಮಾನ್ಯವಾಗಿ ಹೊಸ ನೆನಪುಗಳಿಗೆ ಮೊದಲು ಕೈ ಹಾಕುತ್ತದೆ. ಬೆಳಗ್ಗೆ ಆಡಿದ ಮಾತು, ನಿನ್ನೆ ಬಂದವರ ಮುಖ ಹೋಗುತ್ತದೆ. ಹಳೆಯದು ತುಂಬಾ ದಿನ ಗಟ್ಟಿಯಾಗಿ ಉಳಿದಿರುತ್ತದೆ. ನಿಮ್ಮದು ಅದರ ತಿರುಗುಮುರುಗು. ಇವತ್ತಿನ ಬದುಕು ಸರಿಯಾಗಿ ನಡೆಯುತ್ತಿದೆ, ಪಾಠ ಮಾಡುತ್ತಿದ್ದೀರಿ, ಪತ್ರ ಇಷ್ಟು ಅಚ್ಚುಕಟ್ಟಾಗಿ ಬರೆದಿದ್ದೀರಿ. ಮಸುಕಾಗಿರುವುದು ಒಂದು ಅವಧಿ ಮಾತ್ರ. ಹಾಗಂತ ಬರೀ ಪತ್ರ ನೋಡಿ ಯಾವ ವೈದ್ಯರೂ ಖಚಿತ ಮಾತು ಹೇಳಬಾರದು. ಪರೀಕ್ಷೆ ಯಾವಾಗ ಬೇಕು ಎಂಬುದನ್ನು ಕೊನೆಯ ಹೊತ್ತಿಗೆ ಹೇಳುತ್ತೇನೆ.

ಒಂದೇ ಮನೆ, ಎರಡು ಗಡಿಯಾರ

ನಿಮ್ಮ ಮನೆಯಲ್ಲಿ ನಡೆದದ್ದು ಲಕ್ಷಾಂತರ ಮನೆಗಳಲ್ಲಿ ನಡೆಯಿತು. 2020ರ ಏಪ್ರಿಲ್‌ನಲ್ಲಿ ಬ್ರಿಟನ್‌ನ ಮನಶ್ಶಾಸ್ತ್ರಜ್ಞೆ ರೂತ್ ಆಗ್ಡೆನ್ ಅಲ್ಲಿನ ಲಾಕ್‌ಡೌನ್ ನಡುವೆಯೇ 604 ಜನರನ್ನು ಕೇಳಿದರು. ನಿಮಗೆ ಸಮಯ ಹೇಗೆ ಹೋಗುತ್ತಿದೆ ಎಂದು. ನೂರಕ್ಕೆ 80ಕ್ಕಿಂತ ಹೆಚ್ಚು ಜನ 'ಮೊದಲಿನ ಹಾಗೆ ಇಲ್ಲ' ಎಂದರು. ಹಾಗೆ ಹೇಳಿದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ದಿನ ಓಡುತ್ತಿತ್ತು, ಇನ್ನರ್ಧ ಜನಕ್ಕೆ ತೆವಳುತ್ತಿತ್ತು. ತೆವಳಿದ್ದು ಯಾರಿಗೆ? ಹೆಚ್ಚಾಗಿ 60 ದಾಟಿದವರಿಗೆ, ಒತ್ತಡದಲ್ಲಿದ್ದವರಿಗೆ, ಕೈಗೆ ಕೆಲಸ ಕಡಿಮೆ ಇದ್ದವರಿಗೆ, ಜನರ ಒಡನಾಟ ಸಾಲದು ಅನ್ನಿಸಿದವರಿಗೆ. ಫ್ರಾನ್ಸ್‌ನಲ್ಲಿ ನಡೆದ ಅಧ್ಯಯನದಲ್ಲೂ ಬೇಸರ ಮತ್ತು ದುಃಖ ಜಾಸ್ತಿ ಇದ್ದವರಿಗೇ ಕಾಲ ನಿಧಾನವಾಗಿತ್ತು.

ನಿಮ್ಮ ಯಜಮಾನರಿಗೆ ವಿಪರೀತ ಕೆಲಸ ಇತ್ತು. ನಿಮಗೆ ಅಮ್ಮನ ಚಿಂತೆ, ಪುಟ್ಟ ಮಗು, ಕಾಲೇಜಿನ ಗಲಾಟೆ ಇಲ್ಲದ ಮನೆ. ಗೋಡೆಯ ಮೇಲಿನ ಗಡಿಯಾರ ಒಂದೇ ಆದರೂ ಇಬ್ಬರೊಳಗಿನ ಗಡಿಯಾರ ಬೇರೆ. ಯಾರೂ ಉತ್ಪ್ರೇಕ್ಷೆ ಮಾಡುತ್ತಿಲ್ಲ. ಇಂಥ ವಿಷಯಕ್ಕೂ ಗಂಡ ಹೆಂಡತಿ ಜಗಳ ಆಡಿಕೊಂಡು ಬರುವುದನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಬಣ್ಣ ನೋಡಲು ಕಣ್ಣಿದೆ, ಸದ್ದಿಗೆ ಕಿವಿ ಇದೆ. ಕಾಲವನ್ನು ಹಿಡಿಯಲು ಅಂತ ನಮ್ಮಲ್ಲಿ ಒಂದು ಅಂಗ ಇಲ್ಲ. ಮೆದುಳು ಅದನ್ನು ಬೇರೆ ಬೇರೆ ಸುಳಿವುಗಳಿಂದ ಅಂದಾಜು ಮಾಡುತ್ತದೆ. ಗಮನ ಎಲ್ಲಿದೆ, ಮೈ ಎಷ್ಟು ಬಿಗಿಯಾಗಿದೆ, ಎದೆ ಹೇಗೆ ಬಡಿಯುತ್ತಿದೆ, ಸುತ್ತ ಏನು ಬದಲಾಯಿತು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಕೆಲಸದಲ್ಲಿ ಮುಳುಗಿದಾಗ ಗಮನ ಕೆಲಸದ ಮೇಲಿರುತ್ತದೆ, ಸಮಯ ಕಣ್ತಪ್ಪಿಸಿ ಹೋಗುತ್ತದೆ. ಕಾಯುವಾಗ ಗಮನ ಸಮಯದ ಮೇಲೆಯೇ ಇರುತ್ತದೆ. ಆಗ ಒಂದೊಂದು ನಿಮಿಷವೂ ಲೆಕ್ಕ ಕೊಟ್ಟೇ ಮುಂದೆ ಹೋಗುತ್ತದೆ. ಲಾಕ್‌ಡೌನ್ ಅಂದರೆ ಒಂದು ದೊಡ್ಡ ಕಾಯುವಿಕೆಯೇ ಆಗಿತ್ತು ಅಲ್ವಾ? ಅದೂ ಎಲ್ಲಿಯವರೆಗೆ ಎಂದು ತಿಳಿಯದ ಕಾಯುವಿಕೆ.

ನಡೆಯುವಾಗಿನ ಕಾಲ, ನೆನೆಯುವಾಗಿನ ಕಾಲ

ಈಗ ನಿಮ್ಮನ್ನು ಹೆಚ್ಚು ಕಾಡಿದ ವಿಷಯಕ್ಕೆ ಬರುತ್ತೇನೆ. ಆಗ ಅಷ್ಟು ಉದ್ದವಿದ್ದ ದಿನಗಳು ಈಗ ಇಷ್ಟು ಕುಗ್ಗಿದ್ದು ಹೇಗೆ?

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಇದನ್ನು ಗಮನಿಸಿ ಬರೆದಿದ್ದರು. ಹೊಸ ಅನುಭವಗಳಿಂದ ತುಂಬಿದ ಸಮಯ ನಡೆಯುವಾಗ ಚಿಕ್ಕದು, ನೆನೆಯುವಾಗ ದೊಡ್ಡದು. ಖಾಲಿ ಸಮಯ ನಡೆಯುವಾಗ ದೊಡ್ಡದು, ನೆನೆಯುವಾಗ ಚಿಕ್ಕದು. ನಾಲ್ಕು ದಿನ ಹೊಸ ಊರು ಸುತ್ತಿ ಬಂದಾಗ 'ಹೋಗಿ ಒಂದು ತಿಂಗಳಾಯಿತೇನೋ' ಅನ್ನಿಸುತ್ತದಲ್ಲ, ಅದೇ ಇದು. ನಿಮ್ಮ ಎರಡು ಅನುಭವಗಳು ಒಂದಕ್ಕೊಂದು ವಿರುದ್ಧ ಅಂದುಕೊಂಡಿದ್ದೀರಿ. ವಿರುದ್ಧ ಅಲ್ಲ, ಎರಡಕ್ಕೂ ಕಾರಣ ಒಂದೇ.

ನೆನಪು ಕ್ಯಾಲೆಂಡರ್ ನೋಡಿ ಕೆಲಸ ಮಾಡುವುದಿಲ್ಲ. ಜಾಗ ಬದಲಾದಾಗ, ಎದುರಿನ ಜನ ಬದಲಾದಾಗ, ಒಂದು ಕೆಲಸ ಮುಗಿದು ಇನ್ನೊಂದು ಶುರುವಾದಾಗ ಮೆದುಳು ಗೀಟು ಎಳೆದು ಹೊಸ ಪುಟ ತೆಗೆಯುತ್ತದೆ. ಬರೀ ಒಂದು ಬಾಗಿಲು ದಾಟಿದರೂ ಅದಕ್ಕೆ ಅದು ಗೀಟೇ. ಪಕ್ಕದ ಕೋಣೆಗೆ ಹೋಗಿ 'ಯಾಕೆ ಬಂದೆ?' ಅಂತ ನಿಲ್ಲುವುದು ಎಲ್ಲರಿಗೂ ಆಗುತ್ತದೆ, ಅದಕ್ಕೆ ಇದೂ ಒಂದು ಕಾರಣ. ಈಗ ನಿಮ್ಮ ಹಳೆಯ ದಿನವನ್ನು ನೆನೆಸಿಕೊಳ್ಳಿ. ಮನೆ ಬಿಡುವುದು, ದಾರಿ, ಸ್ಟಾಫ್ ರೂಮ್, ಮೊದಲ ತರಗತಿ, ಗಂಟೆ, ಎರಡನೇ ತರಗತಿಯ ಬೇರೆ ಮುಖಗಳು, ವಾಪಸ್ ಬರುವುದು. ಎಷ್ಟೊಂದು ಗೀಟುಗಳು! ಲಾಕ್‌ಡೌನಿನಲ್ಲಿ ಅಷ್ಟೂ ತರಗತಿಗಳನ್ನು ಒಂದೇ ಕುರ್ಚಿಯಲ್ಲಿ ಕುಳಿತು, ಒಂದೇ ಪರದೆ ನೋಡುತ್ತಾ ಮುಗಿಸಿದಿರಿ. ನೂರು ತರಗತಿ ನಡೆಯಿತು ನಿಜ. ನೆನಪಿನಲ್ಲಿ ಅವು ಒಂದರ ಮೇಲೊಂದು ಕುಳಿತು ಒಂದೇ ತರಗತಿ ಆಗಿಬಿಟ್ಟಿವೆ.

ಇದಕ್ಕೆ ಗುಹೆಗಳಲ್ಲಿ ಸಾಕ್ಷಿ ಇದೆ. 1962ರ ಜುಲೈನಲ್ಲಿ ಫ್ರಾನ್ಸ್‌ನ ಭೂವಿಜ್ಞಾನಿ ಮಿಷೆಲ್ ಸಿಫ್ರ್ ಗಡಿಯಾರವಿಲ್ಲದೆ ಒಬ್ಬರೇ ಗುಹೆಯೊಳಗೆ ಹೋದರು. ಸುಮಾರು ಎರಡು ತಿಂಗಳು ಇದ್ದರು. ಸೆಪ್ಟೆಂಬರ್ 14ರಂದು ಹೊರಗೆ ಬಂದಾಗ ಅವರ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. 25 ದಿನ ಲೆಕ್ಕಕ್ಕೇ ಸಿಕ್ಕಿರಲಿಲ್ಲ. 2021ರಲ್ಲಿ ಅದೇ ದೇಶದಲ್ಲಿ 15 ಜನರ ತಂಡ ಗುಹೆಯಲ್ಲಿ 40 ದಿನ ಇತ್ತು. ಹೊರಬಂದಾಗ ಅವರಿಗೆ ಸುಮಾರು 30 ದಿನ ಅನ್ನಿಸಿತ್ತು. ಇವರೆಲ್ಲ ಆರೋಗ್ಯವಾಗಿದ್ದವರು, ತಾವಾಗಿ ಒಪ್ಪಿ ಹೋದವರು. ಕಾಯಿಲೆ ಇರಲಿಲ್ಲ. ಹೊರಗಿನ ಗುರುತುಗಳು ಇರಲಿಲ್ಲ, ಅಷ್ಟೇ.

ಮೈಯೊಳಗೂ ಒಂದು ಗಡಿಯಾರ ಇದೆ. ಕಣ್ಣಿನ ಹಿಂದೆ, ಮೆದುಳಿನ ಬುಡದಲ್ಲಿ ಸುಮಾರು 20,000 ಜೀವಕೋಶಗಳ ಒಂದು ಪುಟ್ಟ ಗಂಟು ಅದು. ಹೆಚ್ಚಿನವರಲ್ಲಿ ಅದರ ಒಂದು ಸುತ್ತು 24 ಗಂಟೆಗಿಂತ ಒಂದಿಷ್ಟು ನಿಮಿಷ ಉದ್ದ. ದಿನಾ ಬೆಳಗಿನ ಬೆಳಕು ಬಿದ್ದು ಅದು ಸರಿಹೋಗಬೇಕು. ಮನೆಯೊಳಗೇ ಇದ್ದವರಿಗೆ ಆ ಬೆಳಕು ತಪ್ಪಿತು. ಇಟಲಿಯಲ್ಲಿ ಲಾಕ್‌ಡೌನ್ ವೇಳೆ ಜನ ಮಲಗುವುದೂ ತಡವಾಯಿತು, ಏಳುವುದೂ ತಡವಾಯಿತು. ಇದು ದಿನದ ಲೆಕ್ಕ ಕೆಡಿಸುವ ಗಡಿಯಾರ. ವರ್ಷದ ಲೆಕ್ಕ ಕೆಡಿಸಿದ್ದು ಮಾತ್ರ ಗೀಟುಗಳ ಕೊರತೆ.

ನೀವು ಕೇಳಬಹುದು, ಭಯ ಆದಾಗ ಎಲ್ಲ ಚೆನ್ನಾಗಿ ನೆನಪಿರುತ್ತದಲ್ಲ, ಆಗ ಭಯ ಕಡಿಮೆ ಇತ್ತೇ ಅಂತ. ಒಳ್ಳೆಯ ಪ್ರಶ್ನೆಯೇ ಅದು. ಅಮೆರಿಕದ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ತಂಡ ಜನರನ್ನು 31 ಮೀಟರ್ ಎತ್ತರದಿಂದ ಬಲೆಯ ಮೇಲೆ ಬೀಳಿಸಿ ಪರೀಕ್ಷೆ ಮಾಡಿತ್ತು. ತಾವು ಬಿದ್ದ ಹೊತ್ತು ಬೇರೆಯವರು ಬಿದ್ದ ಹೊತ್ತಿಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ಎಂದು ಅವರಿಗೆ ಅನ್ನಿಸಿತು. ಆದರೆ ಬೀಳುವಾಗ ಅವರ ಕಣ್ಣು ಹೆಚ್ಚು ಚುರುಕಾಗಿ ನೋಡಿರಲಿಲ್ಲ. ಹಠಾತ್ ಭಯದಲ್ಲಿ ನೆನಪು ಒತ್ತೊತ್ತಾಗಿ ಬರೆದುಕೊಳ್ಳುತ್ತದೆ, ಆಮೇಲೆ ಓದಿದಾಗ ಉದ್ದವಾಗಿ ಕಾಣುತ್ತದೆ. ಕೊರೊನಾ ಕಾಲದ ಭಯ ಹಾಗಿರಲಿಲ್ಲ. ತಿಂಗಳುಗಟ್ಟಲೆ ಸಣ್ಣ ಉರಿಯಲ್ಲಿ ಕುದಿದ ಭಯ ಅದು. ಅಂಥ ಭಯ ನೆನಪನ್ನು ಬರೆಸುವುದಿಲ್ಲ. ನಿದ್ದೆ ಕೆಡಿಸುತ್ತದೆ, ಗಮನ ಚೂರು ಮಾಡುತ್ತದೆ, ಬರೆಯಬೇಕಾದ್ದನ್ನೂ ಬರೆಯಲು ಬಿಡುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಶುರು ಎಲ್ಲರಿಗೂ ನೆನಪಿದೆ, ಕೊನೆ ಯಾರಿಗೂ ನೆನಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಇದನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆಯಿತು. ಜಾಗತಿಕ ತುರ್ತು ಸ್ಥಿತಿ ಮುಗಿಯಿತು ಎಂದು ಹೇಳಿದ್ದು 2023ರ ಮೇ 5ರಂದು. ಆ ಎರಡನೇ ದಿನ ನೀವೇನು ಮಾಡುತ್ತಿದ್ದಿರಿ? ನನಗಂತೂ ನೆನಪಿಲ್ಲ. ನಿರ್ಬಂಧಗಳು ಒಂದೊಂದಾಗಿ ಸಡಿಲವಾದವು, ಮತ್ತೆ ಬಿಗಿಯಾದವು, ಮತ್ತೆ ಸಡಿಲವಾದವು. 'ಇಲ್ಲಿಗೆ ಮುಗಿಯಿತು' ಎಂಬ ಗೀಟೇ ಬೀಳಲಿಲ್ಲ. ಅದಕ್ಕೇ 2019 ಇಷ್ಟು ಹತ್ತಿರ ಕಾಣುತ್ತದೆ. ನಡುವೆ ಅಳೆಯಲು ಗುರುತುಗಳಿಲ್ಲದ ದಾರಿ ಯಾವಾಗಲೂ ಗಿಡ್ಡವಾಗಿಯೇ ಕಾಣುವುದು.

ಕೊರೊನಾ ಸೋಂಕಿನ ಬಗ್ಗೆ ಕೇಳಿದ್ದೀರಿ. ಸೋಂಕಿನ ನಂತರ ಕೆಲವರಿಗೆ ತಲೆ ಮಂಜು ಕವಿದಂತಾಗುವುದು ನಿಜ. ಗಮನ ನಿಲ್ಲುವುದಿಲ್ಲ, ಪದ ನಾಲಿಗೆಗೆ ಬರುವುದಿಲ್ಲ, ಸ್ವಲ್ಪ ಯೋಚಿಸಿದರೂ ಸುಸ್ತು. ಅದನ್ನು ಸುಮ್ನೆ ಭ್ರಮೆ ಎಂದು ತಳ್ಳಿಹಾಕುವ ವೈದ್ಯರ ಮಾತು ಕೇಳಬೇಡಿ. ಆದರೆ ಆ ಮಂಜು ಇವತ್ತಿನ ಕೆಲಸಕ್ಕೆ ಅಡ್ಡ ಬರುತ್ತದೆ. ಬರೀ ಎರಡು ವರ್ಷವನ್ನು ಆರಿಸಿ ಅಳಿಸುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಸಮಯ ಕೆಟ್ಟಿದೆ ಎಂದ ಜನರನ್ನೇ ನೋಡಿ. ಆಗಿನ್ನೂ ಬಹುಪಾಲು ಮಂದಿಗೆ ಸೋಂಕೇ ತಗುಲಿರಲಿಲ್ಲ. 'ವಯಸ್ಸಾಯಿತು, ಅದಕ್ಕೇ ಕಾಲ ಓಡುತ್ತೆ' ಅನ್ನುವ ಮಾತೂ ಇಲ್ಲಿ ಪೂರ್ತಿ ಕೂರುವುದಿಲ್ಲ, ಲಾಕ್‌ಡೌನಿನಲ್ಲಿ ಹಿರಿಯರಿಗೇ ದಿನ ನಿಧಾನವಾಗಿತ್ತಲ್ಲ.

ಅಮ್ಮನ ವಿಷಯ

ನೆನಪಿನ ಜೊತೆ ತಾರೀಖು ಅಂಟಿಕೊಂಡು ಬರುವುದಿಲ್ಲ. ಘಟನೆ ಒಂದು ಕಡೆ ಉಳಿಯುತ್ತದೆ. ತಾರೀಖನ್ನು ನಾವು ಆಮೇಲೆ ಲೆಕ್ಕ ಹಾಕುತ್ತೇವೆ. 'ಆಗ ಮಗ ಎಷ್ಟನೇ ತರಗತಿ, ಯಾವ ಮನೆಯಲ್ಲಿದ್ದೆವು, ಯಾರ ಮದುವೆ ಆಗಿತ್ತು' ಎಂದು ಅಕ್ಕಪಕ್ಕದ ಗುರುತು ಹಿಡಿದು ಹೇಳುತ್ತೇವೆ. ನಿಮಗೆ ಆ ಅಕ್ಕಪಕ್ಕದ ಗುರುತುಗಳೇ ಇಲ್ಲ. ಬೆರಳು ಮಡಚಿ ಎಣಿಸುವುದು ಅದಕ್ಕೆ.

ಇದೇ ರೀತಿ ತಂದೆಯನ್ನು ಕಳೆದುಕೊಂಡ ಒಬ್ಬರು ನನ್ನ ಬಳಿ ಬರುತ್ತಿದ್ದರು. ಫೋನ್ ಬಂದ ಗಂಟೆ, ತಾನು ತೊಟ್ಟಿದ್ದ ಅಂಗಿ, ಕಿಟಕಿಯಾಚೆ ಬೊಗಳುತ್ತಿದ್ದ ನಾಯಿ, ಎಲ್ಲವನ್ನೂ ಹೇಳುತ್ತಿದ್ದರು. ವರ್ಷ ಕೇಳಿದರೆ ಮಾತ್ರ ತಡವರಿಸುತ್ತಿದ್ದರು. ಅವರು ತಂದೆಯನ್ನು ಮರೆತಿದ್ದರೇ? ಇಲ್ಲವೇ ಇಲ್ಲ. ನೀವೂ ಮರೆತಿಲ್ಲ.

ಸಾವಿನ ಮನೆಗೆ ಹೋಗುವ ದಾರಿ, ಅಲ್ಲಿ ಸೇರಿದ ಜನ, ಕೈ ಹಿಡಿದು ಅತ್ತದ್ದು, ವಾಪಸ್ ಬಂದು ಖಾಲಿ ಅನ್ನಿಸಿದ್ದು, ಇವೆಲ್ಲ ದುಃಖಕ್ಕೆ ಮಾತ್ರ ಅಲ್ಲ, ಕಾಲಕ್ಕೂ ಗೀಟು. ನಿಮಗೆ ಅದು ಯಾವುದೂ ಸಿಗಲಿಲ್ಲ. ಪಾಠ ಮಾಡುತ್ತಿದ್ದ ಮನೆಯಲ್ಲೇ, ಒಂದು ಪರದೆಯ ಮೇಲೆಯೇ ಅಮ್ಮನನ್ನು ಕಳಿಸಿಕೊಟ್ಟಿರಿ. ಇದು ನಿಮ್ಮ ತಪ್ಪಲ್ಲ. ನಿಮ್ಮಿಂದ ಕಿತ್ತುಕೊಂಡದ್ದು ಅದು.

ಏನು ಮಾಡಬಹುದು, ಎಲ್ಲಿ ಎಚ್ಚರ ಬೇಕು

ಏನೂ ಮಾಡದೆ ಬಿಡುವುದೂ ಒಂದು ದಾರಿ. ಕಾರಣ ತಿಳಿದ ಮೇಲೆ ಭಯ ಇಳಿದರೆ ಅಲ್ಲಿಗೇ ನಿಲ್ಲಿಸಬಹುದು. ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತದೆ.

ಮಸುಕಾದದ್ದನ್ನು ಜೋಡಿಸಬೇಕು ಅನ್ನಿಸಿದರೆ ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. 2020ರ ಜನವರಿಯಿಂದ 2022ರ ಕೊನೆಯವರೆಗೆ ತಿಂಗಳಿಗೊಂದು ಮನೆ ಎಳೆಯಿರಿ. ಫೋನಿನ ಫೋಟೊ, ಹಳೆಯ ಮೆಸೇಜ್, ಕಾಲೇಜಿನ ವೇಳಾಪಟ್ಟಿ, ಲಸಿಕೆಯ ತಾರೀಖು ನೋಡಿ ಒಂದೊಂದನ್ನೇ ಅದರದರ ಮನೆಯಲ್ಲಿ ಬರೆಯಿರಿ. ಯಜಮಾನರನ್ನೂ ಕೂರಿಸಿಕೊಳ್ಳಿ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು. ರಾತ್ರಿ ಹೊತ್ತು ಬೇಡ, ಅಮ್ಮನಿಂದ ಶುರು ಮಾಡುವುದೂ ಬೇಡ. ಸಣ್ಣಪುಟ್ಟ ವಿಷಯಗಳಿಂದ ಶುರು ಮಾಡಿ. ಇದರಲ್ಲಿ ಎರಡು ಅಪಾಯ ಇದೆ. ಒಂದು, ಫೋಟೊ ನೋಡಿ ನೋಡಿ ಫೋಟೊವನ್ನೇ ನೆನಪು ಅಂದುಕೊಂಡುಬಿಡುತ್ತೇವೆ, ನಡೆಯದ್ದೂ ನಡೆದಂತೆ ಅನ್ನಿಸತೊಡಗುತ್ತದೆ. ಇನ್ನೊಂದು, ಮುಚ್ಚಿಟ್ಟ ದುಃಖ ಒಮ್ಮೆಲೇ ನುಗ್ಗಬಹುದು. ಅತ್ತರೆ ತೊಂದರೆ ಇಲ್ಲ. ಸಾಲಾಗಿ ಕೆಲವು ರಾತ್ರಿ ನಿದ್ದೆ ಬಾರದೆ ಹೋದರೆ ಮಾತ್ರ ನಿಲ್ಲಿಸಿ, ಆಪ್ತಸಮಾಲೋಚಕರ ಜೊತೆ ಮುಂದುವರಿಸಿ. ಸಂಮೋಹನ ಮಾಡಿ ಹಳೆಯ ನೆನಪು ಹೊರತೆಗೆಯುತ್ತೇವೆ ಅನ್ನುವವರ ಬಳಿ ದಯವಿಟ್ಟು ಹೋಗಬೇಡಿ. ಅಲ್ಲಿ ಸುಳ್ಳು ನೆನಪು ಹುಟ್ಟಿಕೊಳ್ಳುವ ಸಾಧ್ಯತೆ ತುಂಬಾ ಇದೆ.

ಅಮ್ಮನಿಗಾಗಿ ಆಗ ತಪ್ಪಿದ್ದನ್ನು ಈಗ ಮಾಡಬಹುದು. ಒಂದು ದಿನ ಗೊತ್ತು ಮಾಡಿ, ಅವರಿದ್ದ ಜಾಗಕ್ಕೆ ಹೋಗಿ, ಅವರನ್ನು ಬಲ್ಲವರನ್ನು ಸೇರಿಸಿ ಮಾತಾಡಿ. ತಡವಾಯಿತು ಅಂದುಕೊಳ್ಳಬೇಡಿ. ಆದರೆ ಅವತ್ತೇ ಮನಸ್ಸು ಹಗುರಾಗುತ್ತದೆ ಎಂಬ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಕೆಲವರಿಗೆ ಆಮೇಲೆ ನಾಲ್ಕಾರು ದಿನ ದುಃಖ ಜಾಸ್ತಿಯೇ ಆಗುತ್ತದೆ. ಒಡಹುಟ್ಟಿದವರು 'ಈಗ್ಯಾಕೆ ಇದೆಲ್ಲ' ಎನ್ನಬಹುದು, ಅವರನ್ನು ಬಲವಂತ ಮಾಡಬೇಡಿ. ನೀವು, ಮಗ, ಯಜಮಾನರು ಇದ್ದರೆ ಸಾಕು.

ಇನ್ನು ಮುಂದಿನ ದಿನಗಳು ಹೀಗೆ ಅಂಟಿಕೊಳ್ಳದಿರಲು ಗೀಟು ಎಳೆಯುತ್ತಾ ಹೋಗಿ. ಎದ್ದ ಕೂಡಲೇ ಹೊರಗಿನ ಬೆಳಕಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮನೆಯಿಂದ ಕೆಲಸ ಇದ್ದರೆ ಕೆಲಸದ ಜಾಗ ಬೇರೆ, ಕೂರುವ ಜಾಗ ಬೇರೆ ಇರಲಿ. ವಾರದಲ್ಲಿ ಒಂದು ದಿನವಾದರೂ ಬೇರೆ ದಿನಗಳ ಹಾಗೆ ಇರದಿರಲಿ. ಇದನ್ನು ಕೇಳಿದ ಕೆಲವರು ಎಲ್ಲ ವಾರಾಂತ್ಯವನ್ನೂ ತಿರುಗಾಟದಿಂದ ತುಂಬಿಸಿ ಸುಸ್ತಾಗಿ ಬರುತ್ತಾರೆ. ಅಷ್ಟು ಬೇಕಿಲ್ಲ. ರಾತ್ರಿ ಡೈರಿಯಲ್ಲಿ ಒಂದು ಸಾಲು, ಇವತ್ತು ಮಾತ್ರ ಆದದ್ದು ಏನು ಎಂದು ಬರೆದರೂ ಗೀಟು ಬಿತ್ತು. ಬರೆಯದ ದಿನಕ್ಕೆ ನೊಂದುಕೊಳ್ಳುವುದಾದರೆ ಅದನ್ನೂ ಬಿಡಿ.

ನೆನಪಿನ ಶಕ್ತಿಯ ಟಾನಿಕ್, ಮಾತ್ರೆಗಳಿಂದ ಇದಕ್ಕೆ ಪ್ರಯೋಜನ ಇಲ್ಲ. ನಿದ್ದೆಗೆ ಅಂತ ಯಾರೋ ಹೇಳಿದ ಮಾತ್ರೆ ನುಂಗುವುದಂತೂ ಬೇಡವೇ ಬೇಡ. ಅವುಗಳಲ್ಲಿ ಕೆಲವು ನೆನಪನ್ನೇ ಮಂಕು ಮಾಡುತ್ತವೆ, ಅಭ್ಯಾಸವೂ ಹಿಡಿಯುತ್ತದೆ.

ವೈದ್ಯರನ್ನು ಕಾಣಬೇಕಾದ್ದು ಯಾವಾಗ? ಹೋದ ವಾರದ ಮಾತುಗಳೇ ಮರೆತುಹೋಗುತ್ತಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದೀರಿ ಎಂದು ಮನೆಯವರು ಹೇಳಿದರೆ, ಗೊತ್ತಿರುವ ದಾರಿ ತಪ್ಪಿದರೆ, ಹಣದ ಲೆಕ್ಕ ಎಡವುತ್ತಿದ್ದರೆ ತಡ ಮಾಡಬೇಡಿ. ಥೈರಾಯ್ಡ್, ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವೂ ಮರೆವು ತರುತ್ತವೆ. ಇವನ್ನು ಪರೀಕ್ಷೆಯಲ್ಲಿ ಕಂಡುಹಿಡಿಯಬಹುದು, ಚಿಕಿತ್ಸೆಯೂ ಇದೆ. ಯಾವುದರಲ್ಲೂ ಖುಷಿ ಇಲ್ಲ, ಎರಡು ವಾರಕ್ಕೂ ಮಿಕ್ಕಿ ದಿನವಿಡೀ ಮನಸ್ಸು ಭಾರ ಅಂದರೆ ಅದು ಖಿನ್ನತೆ ಇರಬಹುದು. ಅಮ್ಮನ ನೆನಪು ಇಷ್ಟು ವರ್ಷದ ನಂತರವೂ ದಿನನಿತ್ಯದ ಕೆಲಸ ಮಾಡಲು ಬಿಡುತ್ತಿಲ್ಲ ಅಂದರೆ ಅದಕ್ಕೂ ಮಾತಿನ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನಿಸಿದರೆ ಅವತ್ತೇ ಯಾರಿಗಾದರೂ ಹೇಳಿ, ಅವತ್ತೇ ವೈದ್ಯರನ್ನು ಕಾಣಿ.

ಕೊನೆಯದಾಗಿ ನಿಮ್ಮ ಮಗ. ಹೋದದ್ದು ಮರಳಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಪೂರ್ತಿ ಸಿಗುವುದಿಲ್ಲ. ಬಿಡಿಬಿಡಿಯಾಗಿ ಬರೆದುಕೊಳ್ಳದ ದಿನಗಳನ್ನು ಈಗ ಬಿಡಿಸಲು ಆಗದು. ಅವನಿಗೂ ನಾಲ್ಕನೇ ವಯಸ್ಸಿನದು ತುಣುಕುತುಣುಕಾಗಿ ಮಾತ್ರ ನೆನಪಿರುತ್ತದೆ. ಅದಕ್ಕೆ ಲಾಕ್‌ಡೌನ್ ಕಾರಣ ಅಲ್ಲ, ಮಕ್ಕಳ ನೆನಪೇ ಹಾಗೆ. ಆದರೆ ಈಗ ನಿಮಗೆ ಅನ್ನಿಸುತ್ತಿರುವುದಕ್ಕಿಂತ ಜಾಸ್ತಿಯೇ ಒಳಗೆ ಉಳಿದಿರುತ್ತದೆ. ತಲೆಗೆ ಕೈ ಹೊತ್ತು ಯೋಚಿಸಿದರೆ ಅದು ಬರುವುದಿಲ್ಲ. ಒಂದು ವಾಸನೆ, ಒಂದು ಸದ್ದು, ಕೈಗೆ ಸಿಕ್ಕ ಒಂದು ವಸ್ತು ಎಳೆದು ತರುತ್ತದೆ. ಅವನ ಆಗಿನ ಆಟಿಕೆ, ಚಿಕ್ಕದಾದ ಅಂಗಿ ಏನಾದರೂ ಎತ್ತಿಟ್ಟಿದ್ದರೆ ಹೊರಗೆ ತೆಗೆಯಿರಿ. ಅವನು ಆಗ ಆಡುತ್ತಿದ್ದ ನೆಲದ ಮೇಲೇ ಇಬ್ಬರೂ ಕುಳಿತುಕೊಳ್ಳಿ. ನೀವು ಕಥೆ ಹೇಳಬೇಡಿ, ಅವನಿಂದ ಹೇಳಿಸಿ. ಅವನು ಹೇಳುವುದು ಹಿಂದುಮುಂದಾಗಿರುತ್ತದೆ, ಅರ್ಧ ತಪ್ಪೂ ಇರಬಹುದು. ತಿದ್ದಬೇಡಿ. ಅಜ್ಜಿಯ ಹೆಸರು ತೆಗೆದರೆ ತಡೆಯಬೇಡಿ. ಎಷ್ಟು ಹೊತ್ತಾಯಿತು ಎಂದು ನೋಡದೆ ಕೇಳಿಸಿಕೊಳ್ಳಿ.